ಹೇಳ್ತೆ, ತಡೀರಿ

ಕುಮಟಾದ ನಮ್ಮ ಮನೆಯಲ್ಲಿ ಕೂತು ನಾನು ಕನ್ನಡ ವಿಡಿಯೋಗಳಿಗೆ ಇಂಗ್ಲಿಷ್ ಸಬ್‌ಟೈಟಲ್ ಬರೆಯುತ್ತೇನೆ. ಹೋದ ವರ್ಷ ಹೊನ್ನಾವರದ ಹುಡುಗಿಯೊಬ್ಬಳು ಮೀನುಗಾರ ಹೆಂಗಸರ ನೆನಪುಗಳನ್ನು ಚಿತ್ರೀಕರಿಸಿ ಕಳಿಸಿದಳು. ಅದರಲ್ಲಿ ಬೆಳಕೆ ಎಂಬ ಊರಿನ ಒಬ್ಬ ಅಜ್ಜಿ, ಇಷ್ಟು ವರ್ಷ ಯಾರಿಗೂ ಹೇಳದಿದ್ದ ಸಂಗತಿಯನ್ನು ಹೇಳಿದ್ದರು.

ಗಂಡನ ದೋಣಿ ತಿರುಗಿ ಬಾರದ ದಿನ, ಬಿಸಿಲೇರುವ ಹೊತ್ತಿಗೆ ಆತ ಹಿತ್ತಲ ಬಾಗಿಲಿಗೆ ಬಂದು ನಿಂತನಂತೆ. ಮೈಯೆಲ್ಲ ಒದ್ದೆ. ನೆಲಕ್ಕೆ ಮಾತ್ರ ಒಂದು ಹನಿಯೂ ಬೀಳುತ್ತಿರಲಿಲ್ಲ. "ತೆಂಕು ಬದಿ ಕಲ್ಲಿನ ಹತ್ರ ಇದ್ದೆ. ಊರವ್ರಿಗೆ ಹೇಳು" ಎಂದನಂತೆ. ಅಜ್ಜಿ ಗಂಜಿ ಬಡಿಸಿ ತಲೆಯೆತ್ತುವಷ್ಟರಲ್ಲಿ ಬಾಗಿಲಲ್ಲಿ ಯಾರೂ ಇಲ್ಲ. ಊರವರೆಲ್ಲ ಬಡಗು ಬದಿಗೆ ಹುಡುಕುತ್ತ ಹೋದರು. ಅಜ್ಜಿ ಬಾಯಿ ಬಿಡಲಿಲ್ಲ. ಮುಂದೆಂದೋ ದೋಣಿ ಸಿಕ್ಕಿದ್ದು ತೆಂಕಿನ ಬಂಡೆಗಳ ಸಂದಿಯಲ್ಲಿ. ಗಂಡ ಸಿಗಲಿಲ್ಲ.

ಈ ಭಾಗಕ್ಕೊಂದು ಇಂಗ್ಲಿಷ್ ಶೀರ್ಷಿಕೆ ಬೇಕಿತ್ತು. "ರೆವೆಲೇಶನ್ ಅಂತ ಹಾಕಿ ಅಕ್ಕಾ, ಜೋರಿರ್ತದೆ" ಎಂದಳು ಹುಡುಗಿ. ನನಗೆ ಡಿಸ್‌ಕ್ಲೋಷರ್ ಸರಿಯೆನಿಸಿತ್ತು. ಮುಚ್ಚಿಟ್ಟವರೇ ತೆರೆದು ಹೇಳಿದರೆ ಅದು ಡಿಸ್‌ಕ್ಲೋಷರ್. ಕಾಣದ ಕಡೆಯಿಂದ ತಾನಾಗಿ ತೋರಿಬಂದದ್ದು ರೆವೆಲೇಶನ್. ನಿರ್ಧರಿಸಲಾಗದೆ ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದೆ.

ಗಂಡನ ವಿಷಯ ಶುರುವಾಗುವ ಮುಂಚೆ ಅಜ್ಜಿ ಕ್ಯಾಮೆರಾದ ಪಕ್ಕಕ್ಕೆ ನೋಡುತ್ತಾರೆ. ಆಮೇಲೆ ಮೆಲ್ಲಗೆ, "ಹೇಳ್ತೆ, ತಡೀರಿ" ಎನ್ನುತ್ತಾರೆ. ಹುಡುಗಿಗೆ ಹೇಳಿದ್ದೆಂದು ನಾನು ಅದನ್ನು ಬಿಟ್ಟುಬಿಟ್ಟಿದ್ದೆ. ಆದರೆ ಹುಡುಗಿಯನ್ನು ಅವರು ಉದ್ದಕ್ಕೂ ಕರೆದದ್ದು "ನೀನು", "ಮಗಾ" ಎಂದು. ಈ ಬಹುವಚನ ಯಾರಿಗೆ?

ಫೋನ್ ಮಾಡಿ ಕೇಳಿದೆ. "ನಾನೊಬ್ಳೇ ಇದ್ದೆ ಅಕ್ಕಾ," ಎಂದಳು ಹುಡುಗಿ. "ಆ ಬದಿಗೆ ಬರೀ ಗೋಡೆ."

ಮರುವಾರ ಬೆಳಕೆಗೆ ಹೋದೆ. ನಡುಮಧ್ಯಾಹ್ನ. ಅಂಗಳದಲ್ಲಿ ಒಣಮೀನು ಹರವಿತ್ತು. ಒಳಗೆ ಬೆಂಚಿನ ಮೇಲೆ ಕೂರಹೋದಾಗ ಅಜ್ಜಿ ಕೈ ಅಡ್ಡ ಹಿಡಿದರು.

"ಅಲ್ಲಿ ಬ್ಯಾಡ ಮಗಾ, ಈಚೆಗೆ ಕೂತ್ಕೋ."

ಬೆಂಚಿನ ಆ ತುದಿ ಗೋಡೆಗೆ ತಾಗಿಕೊಂಡಿತ್ತು. ನಾನು ಈಚೆಗೆ ಸರಿದೆ. ಹೊರಗೆ ಅಷ್ಟು ಬಿಸಿಲಿದ್ದರೂ ಎಡಗೈಗೆ ತಣ್ಣನೆಯ ಗಾಳಿ ತಾಗಿದಂತಾಯಿತು.

"ಆವತ್ತು ಯಾಕೆ ಹೇಳಲಿಲ್ಲ ಅಜ್ಜೀ?"

"ಹೇಳಿದ್ರೆ ಅವ್ರು ಸತ್ತಿದ್ದು ಖರೆ ಆಗ್ತಿತ್ತಲ್ದಾ?" ಎಂದರು. ಆಮೇಲೆ, "ನೀ ಇಂಗ್ಲೀಷಲ್ಲಿ ಎಂತ ಬರ್ದೆ?" ಎಂದು ಕೇಳಿದರು.

ಎರಡು ಶಬ್ದಗಳನ್ನೂ ನನಗೆ ತಿಳಿದಂತೆ ಬಿಡಿಸಿ ಹೇಳಿದೆ. ಒಂದರಲ್ಲಿ ಮುಚ್ಚಿಟ್ಟದ್ದು ನೀವು, ತೆರೆದದ್ದೂ ನೀವು. ಇನ್ನೊಂದರಲ್ಲಿ ತೋರಿಸಿಕೊಟ್ಟದ್ದು ಅವರು, ಎಂದೆ. ಅಜ್ಜಿ ಗೋಡೆಯ ಕಡೆ ತಿರುಗಿ, "ಎಂತ ಹೇಳ್ತ್ರಿ?" ಎಂದರು. ಹಂಚಿನ ಮೇಲೆ ಕಾಗೆ ನಡೆದಾಡುವ ಸದ್ದು ಕೇಳುತ್ತಿತ್ತು. ಅಜ್ಜಿ ಎರಡು ಸಲ ತಲೆಯಾಡಿಸಿದರು. ಬೇರೆಯವರ ಮಾತು ಕೇಳುವಾಗ ಆಡಿಸುತ್ತೇವಲ್ಲ, ಹಾಗೆ.

"ಮುಚ್ಚಿಟ್ಟದ್ದು ನಾನೇ," ಎಂದರು ನನ್ನ ಕಡೆ ತಿರುಗಿ. "ಅವ್ರ ಮೇಲೆ ಹಾಕೂದು ಬ್ಯಾಡ. ಅವ್ರಿಗೂ ಅದೇ ಸರಿ ಕಾಣ್ತದಂತೆ."

ಡಿಸ್‌ಕ್ಲೋಷರ್ ಎಂದೇ ಬರೆದೆ. ಬಿಟ್ಟಿದ್ದ "ಹೇಳ್ತೆ, ತಡೀರಿ"ಯನ್ನೂ ಸೇರಿಸಿದೆ. ಇಂಗ್ಲಿಷಿನಲ್ಲಿ ಬಹುವಚನದ ಗೌರವ ಬರಲಿಲ್ಲ. ಅದಕ್ಕೆ ನಾನೇನೂ ಮಾಡುವ ಹಾಗಿರಲಿಲ್ಲ. ಹೊನ್ನಾವರದಲ್ಲಿ ಚಿತ್ರ ತೋರಿಸಿದ ದಿನ ಅಜ್ಜಿಯೂ ಮೈದುನನ ಜೊತೆ ಬಂದಿದ್ದರು. ಬಡಗು ಬದಿಗೆ ಹುಡುಕಲು ಹೋದವರಲ್ಲಿ ಆ ಮೈದುನನೂ ಒಬ್ಬ. ಮುಗಿದ ಮೇಲೆ ಆತ ಅತ್ತಿಗೆಯ ಕೈಹಿಡಿದು ಮೆಟ್ಟಿಲಿಳಿಸಿ ಕರೆದುಕೊಂಡು ಹೋದ.

ಕೆಲವು ದಿನಗಳ ನಂತರ ಅಜ್ಜಿ ಫೋನ್ ಮಾಡಿದರು.

"ಈಗ ಅವ್ರು ಮಾತಾಡೂದಿಲ್ಲ ಮಗಾ. ಬೆಂಚಲ್ಲಿ ಯಾರೂ ಇಲ್ಲ."

ಒಳ್ಳೆಯದಾಯಿತೋ ಇಲ್ಲವೋ ಎಂದು ನಾನು ತೊದಲುತ್ತಿದ್ದಾಗ ಅವರೇ ಕೇಳಿದರು: "ಒಮ್ಮೆ ತೆರೆದದ್ದನ್ನ ತಿರುಗಿ ಮುಚ್ಚೂಕೆ ನಿನ್ನ ಇಂಗ್ಲೀಷಲ್ಲಿ ಎಂತಾದ್ರೂ ಶಬ್ದ ಇತ್ತಾ?"

ಭಾನುವಾರ ಬರುತ್ತೇನೆ ಎಂದಷ್ಟೇ ಹೇಳಿದೆ.