ಮೊದಲನೇ ಎಲೆ

ನನ್ನ ತಮ್ಮ ಮಾದಪ್ಪನ ಕಣ್ಣು ಹಳದಿಗೆ ತಿರುಗಿದ್ದನ್ನು ಮೊದಲು ಕಂಡವಳು ಅವನ ಹೆಂಡತಿ ಗೌರಮ್ಮ. ಕಾಮಾಲೆ ಎಂದುಕೊಂಡೆವು. ನೆಲನೆಲ್ಲಿ ಅರೆದು ಕುಡಿಸಿದೆವು. ಹೊಟ್ಟೆ ಉಬ್ಬುತ್ತಲೇ ಹೋಯಿತು. ಕೊನೆಗೆ ಸೋಸಲೆಯಿಂದ ಗಾಡಿ ಕಟ್ಟಿಕೊಂಡು ನಂಜನಗೂಡಿನ ಆಸ್ಪತ್ರೆಗೆ ಕರೆದೊಯ್ದೆ.

ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಲಿವರ್ ಊದಿದೆ, ಎಷ್ಟು ವರ್ಷದಿಂದ ಸಾರಾಯಿ ಎಂದು ಕೇಳಿದರು. ಮಾದಪ್ಪ ಗೋಡೆಯ ಕಡೆ ತಿರುಗಿಕೊಂಡ.

ನನಗೆ ಗೊತ್ತೇ ಇರಲಿಲ್ಲ.

ವಿಭೂತಿ ಇಡದೆ ನೀರು ಮುಟ್ಟದ ಮನೆ ನಮ್ಮದು. ಅಲ್ಲಿಗೆ ಕುಡಿತ ಹೇಗೆ ಬಂತೋ ಇವತ್ತಿಗೂ ಬಗೆಹರಿದಿಲ್ಲ. ಇನ್ನು ಕುಡಿದರೆ ಉಳಿಯುವುದಿಲ್ಲ ಎಂದ ಡಾಕ್ಟರು, ಕುಡಿತ ಬಿಡಬೇಕೆನ್ನುವವರು ನರಸೀಪುರದಲ್ಲಿ ಸೋಮವಾರ ಸೋಮವಾರ ಸೇರುತ್ತಾರೆ, ಅಲ್ಲಿಗೆ ಕರೆದುಕೊಂಡು ಹೋಗಿ ಎಂದರು.

ಹೊಳೆಯ ಹತ್ತಿರದ ಹಳೆಯ ಛತ್ರ. ಕುಡಿದು ಗೊತ್ತಿಲ್ಲದವರಿಗೆ ಒಳಗೆ ಜಾಗವಿಲ್ಲ. ನಾನು ಜಗಲಿಯಲ್ಲಿ ಕೂತೆ. ಬಾಗಿಲು ಹಾಕಿಕೊಂಡು ಏನೋ ಮಾತಾಡುತ್ತಿದ್ದರು. ಒಮ್ಮೆ ಅಳು, ಒಮ್ಮೆ ನಗು. ಈ ಸಂಕಟದಲ್ಲಿ ನಗುವಂಥದ್ದು ಏನಿರುತ್ತದೋ. ಆಮೇಲೆ ಬಾಗಿಲು ತೆಗೆದು ಪಡಸಾಲೆಯಲ್ಲಿ ಊಟಕ್ಕೆ ಎಲೆ ಹಾಕಿದರು. ಮೊದಲನೇ ಎಲೆಗೆ ಮಾದಪ್ಪನನ್ನು ಕೂರಿಸಿ, ಅವನಿಗೇ ಮೊದಲು ಬಡಿಸಿದರು.

ನಮ್ಮಲ್ಲಿ ಮೊದಲನೇ ಎಲೆ ಮಠದ ಅಯ್ಯನವರಿಗೆ, ಬಿಟ್ಟರೆ ಬೀಗರಿಗೆ. ಮುಂದಿನ ಸೋಮವಾರವೂ ಅದೇ ಮರ್ಯಾದೆ ನಡೆಯಿತು. ತಮ್ಮ ಗೆದ್ದ ಎಂದು ಬೀಗಿದೆ. ಮನೆಗೆ ಬಂದು ಹೇಳಿದಾಗ ಗೌರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಸಂತೋಷಕ್ಕೆ ಅತ್ತಳೆಂದುಕೊಂಡೆ.

ಅದರ ಮುಂದಿನ ವಾರ ಮಾದಪ್ಪ ಹುಳಿಯ ಪಾತ್ರೆ ಹಿಡಿದು ಬಡಿಸುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು. ಅಲ್ಲಿನ ಹಿರಿಯ ಶಿವಣ್ಣನವರನ್ನು ಕರೆದು, ನಮ್ಮವನು ಏನು ತಪ್ಪು ಮಾಡಿದನೆಂದು ಆಳಿನ ಕೆಲಸಕ್ಕೆ ಹಚ್ಚಿದ್ದೀರಿ ಎಂದು ಕೇಳಿದೆ.

"ಮೊದ್ಲನೇ ಎಲೆ ಆ ವಾರ ಕುಡ್ದೋನ್ಗೆ ಕಣಪ್ಪ," ಎಂದರು ಅವರು. "ನಾಚ್ಕಂಡು ಅಸ್ಕಂಡು ಎದ್ದೋದ್ರೆ ನೇರ ಅಂಗ್ಡಿಗೇ ಓಯ್ತಾನೆ. ಅದ್ಕೇ ಅವನ್ಗೆ ಮೊದ್ಲು. ಕುಡೀದೆ ಇದ್ದೋನು ಬಡುಸ್ತಾನೆ."



ಹಾಗಾದರೆ ಡಾಕ್ಟರು ಹೇಳಿದ ಮೇಲೂ ಎರಡು ವಾರ ಕುಡಿದಿದ್ದಾನೆ. ನಾನು ಬೀಗಿದ್ದು ಅದಕ್ಕೆ. ಕೋಪ ಬಂತು, ಆದರೆ ಮೊದಲನೇ ಎಲೆಯ ಮುಂದೆ ತಲೆ ತಗ್ಗಿಸಿ ಕೂತಿದ್ದ ಮುದುಕನಿಗೆ ಅವನು "ಇನ್ನೊಸಿ ಆಕುಸ್ಕಳಿ ಯಜಮಾನ್ರೇ" ಎನ್ನುತ್ತಿದ್ದುದನ್ನು ಕಂಡು, ಯಾರ ಮೇಲೆ ಕೋಪ ಮಾಡಬೇಕೋ ತಿಳಿಯಲಿಲ್ಲ.

ಸಂಜೆ ಗೌರಮ್ಮ ಬಾಗಿಲಲ್ಲೇ ಕೇಳಿದಳು. "ಇವತ್ತೂ ಮೊದ್ಲನೇ ಎಲೇನಾ ಬಾವ?"

ಮಾದಪ್ಪನೇ ಹೇಳಿದ್ದನೇನೋ, ಅವಳಿಗೆ ಎಲ್ಲ ಗೊತ್ತಿತ್ತು.

"ಇಲ್ಲ ಕಣಮ್ಮ," ಎಂದೆ. "ಇವತ್ತು ಎಲ್ಲಾರ್ಗೂ ಅವನೇ ಬಡಿಸ್ದ."

ಅವಳು ಒಲೆಯ ಹತ್ತಿರ ಹೋಗಿ ಊಟದ ತಣಿಗೆ ಇಟ್ಟಳು. ಮಾದಪ್ಪ ಕೂರಲಿಲ್ಲ. ಅವಳ ಕೈಯಿಂದ ಸೌಟು ತೆಗೆದುಕೊಂಡು, "ನೀನು ಕೂತ್ಕೊ" ಎಂದ. ನಮ್ಮ ಮನೆಯಲ್ಲಿ ಗಂಡಸು ಹೆಂಡತಿಗೆ ಬಡಿಸಿದ್ದನ್ನು ನಾನು ಕಂಡವನಲ್ಲ. ನೋಡುತ್ತ ಕೂರಬೇಕೋ, ಎದ್ದು ಹೊರಗೆ ಹೋಗಬೇಕೋ ತಿಳಿಯಲಿಲ್ಲ. ಮುಂದಿನ ಸೋಮವಾರ ಅವನು ಎಲ್ಲಿ ಕೂರುತ್ತಾನೋ ಆ ಶಿವನೇ ಬಲ್ಲ. ಅರ್ಧ ಸಾರು ತಣಿಗೆಗೆ ಬಿತ್ತು, ಅರ್ಧ ನೆಲಕ್ಕೆ. ಗೌರಮ್ಮ ಊಟಕ್ಕೆ ಕೂತಳು.