ಕಾಮಣ್ಣನ ಬೆಂಕಿಗೆ ಇಬ್ಬರು

ನಮ್ಮವ್ವನಿಗೆ ಎಂಬತ್ತು ದಾಟಿದೆ. ಅವಳ ಅಪ್ಪ ಬ್ರಿಟಿಷರ ಸೈನ್ಯ ಸೇರಿ, ಆಫ್ರಿಕದ ಮರಳುಗಾಡಿನಲ್ಲಿ ಜರ್ಮನ್ನರ ಕೈಗೆ ಸಿಕ್ಕು, ಇಟಲಿಯ ಸೆರೆಯಲ್ಲಿ ಸತ್ತ. ಅವನು ಹೊರಟಾಗ ಅವ್ವ ಇನ್ನೂ ಹೊಟ್ಟೆಯಲ್ಲಿದ್ದಳು. ಹೆಣ ಬರಲಿಲ್ಲ. ಬಂದೇ ಬರುತ್ತಾನೆಂದು ಅಜ್ಜಿ ಕುಂಕುಮ ಅಳಿಸಲಿಲ್ಲ, ಮನೆಯಲ್ಲಿ ಯಾರಿಗೂ ಅಳಲು ಬಿಡಲಿಲ್ಲ.

ಆ ಎರಡನೇ ಮಹಾಯುದ್ಧದಲ್ಲಿ ಸೋತ ಜರ್ಮನಿ, ಇಟಲಿ, ಜಪಾನ್ ಕೂಟದ ಮುಖಂಡರು ಹೇಗೆ ಸತ್ತರೆಂಬುದನ್ನು ಅವ್ವ ನಮಗೆ ಉಣಿಸುತ್ತ ಹೇಳುತ್ತಿದ್ದಳು. ಜರ್ಮನಿಯವನು ನೆಲಮಾಳಿಗೆಯಲ್ಲಿ ಅಡಗಿ ತಾನೇ ಗುಂಡು ಹೊಡೆದುಕೊಂಡ. ಜಪಾನಿನ ಸೇನಾಪತಿ ನೇಣಿಗೇರಿದ. ಇಟಲಿಯವನನ್ನು ಕೊಂದು ತಲೆಕೆಳಗಾಗಿ ನೇತುಹಾಕಿದರು. ಇಟಲಿಯವನ ಪಾಳಿ ಬಂದಾಗ ಅವಳು ನಗುತ್ತಿದ್ದಳು, ನಾನೂ ನಗುತ್ತಿದ್ದೆ. ಆ ನಗು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ.

ಈ ಸಲ ಹೋಳಿ ಹತ್ತಿರ ಬಂದಾಗ ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲೇ ಒಬ್ಬ ಭಾಷಣ ಕಲಿಸುವ ಕ್ಲಾಸು ತೆರೆದ. ಹೊರಗೋಡೆಗೆ ದೊಡ್ಡ ಬ್ಯಾನರು: ‘ನಾಯಕರಾಗಿ!’ ಕೆಳಗೆ ಜರ್ಮನಿಯವನು, ಇಟಲಿಯವನು, ಇಬ್ಬರೂ ಕೈಯೆತ್ತಿ ಅಬ್ಬರಿಸುತ್ತಿದ್ದಾರೆ. ನನ್ನ ಪಿತ್ತ ನೆತ್ತಿಗೇರಿತು. ತೆಗೆ ಅಂದರೆ ಆ ಮಾಸ್ತರ ನಕ್ಕು, ಸೋತರೇನಾಯ್ತು ಕಾಕಾ, ಮಾತಿನಿಂದಲೇ ದೇಶ ಕುಣಿಸಿದವರಲ್ಲವೇ ಎಂದ.

ಮನೆಗೆ ಬಂದು ಹಲ್ಲು ಕಡಿಯುತ್ತ ಅವ್ವನಿಗೆ ಹೇಳಿದೆ.

“ಕಾಮಣ್ಣಗ ಕದ್ದು ತಾ,” ಅಂದಳು.

ಹೋಳಿಯಲ್ಲಿ ಕಾಮಣ್ಣನನ್ನು ಸುಡಲಿಕ್ಕೆಂದು ಕಟ್ಟಿಗೆ, ಕುಳ್ಳು, ಮುರುಕು ಬಾಗಿಲು ಏನು ಕದ್ದರೂ ಅದರ ಯಜಮಾನ ತಿರುಗಿ ಕೇಳುವಂತಿಲ್ಲ. ಅರವತ್ತು ದಾಟಿದ ನಾನು ಏಣಿ ಹತ್ತಿ, ಕಟ್ಟಿಗೆಯ ಚೌಕಟ್ಟಿನ ಸಮೇತ ಬ್ಯಾನರು ಕಿತ್ತು ತಂದೆ. ಮಾಸ್ತರನ ಮುಖ ಹುಳ್ಳಗಾಯಿತು. ಓಣಿಯವರೆಲ್ಲ ನೋಡುತ್ತಿದ್ದುದರಿಂದ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನನ್ನ ಹೊಟ್ಟೆ ತಣ್ಣಗಾಯಿತು.

ಸಂಜೆ ಕಾಮಣ್ಣನಿಗೆ ಬೆಂಕಿ ಇಟ್ಟರು. ಹಲಗಿಯ ಬಡಿತ ಜೋರಾಯಿತು. ಬೆಂಕಿ ಬ್ಯಾನರಿಗೆ ತಾಗುತ್ತಲೇ, ಪದ್ಧತಿಯಂತೆ, ಓಣಿಯವರೆಲ್ಲ ಹೆಣದ ಮುಂದೆ ಅಳುವವರ ಹಾಗೆ ಬಾಯಿ ಬಡಿದುಕೊಂಡು ಲಬೋ ಲಬೋ ಎಂದು ಹೊಯ್ಕೊಂಡರು. ನಾನೂ ಹೊಯ್ಕೊಂಡೆ. ಅವ್ವ ನನ್ನ ಕೈ ಹಿಡಿದು ಕೆಳಗೆಳೆದಳು.

“ಬಾಯಿ ಮುಚ್ಚು. ನಮ್ಮಪ್ಪಗ ಯಾರೂ ಅಳಲಿಲ್ಲ. ಇವರಿಗೆ ಅಳತೀಯೇನು?”

ಹಲಗಿ ನಿಂತಿತು. ಒಬ್ಬೊಬ್ಬರಾಗಿ ಎಲ್ಲರೂ ಕೈ ಇಳಿಸಿದರು. ಇಬ್ಬರ ಮುಖವೂ ಸುರುಟಿ, ಕರಗಿ, ಕರ್ರಗಾಗುವವರೆಗೆ ಅವ್ವ ಕಣ್ಣು ಕೀಳದೆ ನಿಂತಳು. ಆಮೇಲೆ ಓಣಿಯವರ ಕಡೆ ತಿರುಗಿದಳು.

“ಈಗ ಹೊಯ್ಕೋರಿ. ನಮ್ಮಪ್ಪ ಸತ್ತಾನ.”