ಬಂಪರು ಊರಂದು

ನಮ್ಮ ಡಾಕ್ಟರಬಾಯಿಯವರ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಒಂದು ಕಪ್ಪು ಗೆರೆ ಇತ್ತು. ರೋಗಿಯನ್ನು ಮುಟ್ಟುವ ಮೊದಲು ಸಾಬೂನು, ಬ್ರಷ್ಷು, ನಿಂಬೆ ಸಿಪ್ಪೆ ಎಲ್ಲ ಹಾಕಿ ಮೊಣಕೈತನಕ ತಿಕ್ಕಿ ತೊಳೆಯುತ್ತಿದ್ದರು. ಗೆರೆ ಮಾತ್ರ ಹೋಗುತ್ತಿರಲಿಲ್ಲ. ಹೆರಿಗೆಗೆ ಬಂದ ಹೆಣ್ಣುಮಕ್ಕಳು ಅದನ್ನು ಕಾಡಿಗೆ ಅಂತಲೇ ತಿಳಿದಿದ್ದರು. "ದೃಷ್ಟಿ ಆಗಬಾರದಂತ ಬಾಯಾರು ಬೆರಳಿಗೆ ಕಾಡಗಿ ಹಚ್ಕೋತಾರ್ರಿ" ಎಂದು ಒಬ್ಬಾಕೆ ನನಗೇ ತಿಳಿಸಿ ಹೇಳಿದ್ದಳು. ಹೌದವ್ವಾ ಎಂದೆ. ಅದು ಮೋಟಾರಿನ ಗ್ರೀಸು ಎಂದಿದ್ದರೆ ಯಾರು ನಂಬುತ್ತಿದ್ದರು?

ನಾನು ನರಗುಂದದಲ್ಲಿ ಅವರ ದವಾಖಾನೆಯ ಕಂಪೌಂಡರ್. ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿದ್ದ ಕಾಲ. ಬಾಯಾರು ಧಾರವಾಡದ ಕಡೆಯವರು. ಕಚ್ಚೆ ಹಾಕಿ ಸೀರೆ ಉಟ್ಟು ತಾವೇ ಕಾರು ಹೊಡೆಯುತ್ತಿದ್ದರು. ಕಾರೆಂದರೆ ಯಾವನೋ ಸಾಹೇಬ ಬಿಟ್ಟುಹೋದದ್ದು. ವಯಸ್ಸಿನಲ್ಲಿ ನನಗಿಂತ ಸಣ್ಣದು, ಕೆಮ್ಮಿನಲ್ಲಿ ದೊಡ್ಡದು. ರೋಣಕ್ಕೂ ಗಜೇಂದ್ರಗಡಕ್ಕೂ ಅದರಲ್ಲೇ ತಿರುಗಾಟ. ದಾರಿಯುದ್ದಕ್ಕೂ ಬ್ರೇಕು, ಟಾಯರು, ಹಳ್ಳದ ನೀರು, ಔಷಧದ ಬಾಟಲಿಯ ಬಿರಡೆ ಎಂದು ಒಂದೊಂದಕ್ಕೂ ನಾನು ಸರದಿ ತಪ್ಪದೆ ಚಿಂತೆ ಮಾಡುತ್ತಿದ್ದೆ. ಅದಕ್ಕೇ ನನ್ನನ್ನು "ಚಿಂತಾಮಣಿ" ಎಂದು ಕರೆದರು. ನಮ್ಮವ್ವ ಇಟ್ಟ ಹೆಸರು ಆ ದವಾಖಾನೆಯಲ್ಲಿ ಯಾರಿಗೂ ನೆನಪಿರಲಿಲ್ಲ, ಒಮ್ಮೊಮ್ಮೆ ನನಗೂ.

ದವಾಖಾನೆಯ ಮುಂದೆ ಕೂಡಲು ಕಟ್ಟೆ ಇರಲಿಲ್ಲ. ರೋಗಿಯ ಜೊತೆ ಬಂದವರು ಕಾರಿನ ಹಿಂದಿನ ಬಂಪರಿನ ಮೇಲೆ ಕೂಡುತ್ತಿದ್ದರು. ಎಲೆಅಡಿಕೆ ಅಲ್ಲೇ, ಕೂಸಿಗೆ ಹಾಲೂಡಿಸುವುದು ಅಲ್ಲೇ, ಬೀಗರ ಜಗಳವೂ ಅಲ್ಲೇ. ಬಂಪರು ಬಾಗೀತು ಎಂದು ನಾನು ಎಬ್ಬಿಸಲು ಹೋದರೆ ಬಾಯಾರು ಕಿಟಕಿಯಿಂದಲೇ ಗದರುತ್ತಿದ್ದರು: "ಕೂಡ್ಲಿ ಬಿಡ್ರಿ ಚಿಂತಾಮಣಿ. ಕಾರು ನಂದು, ಬಂಪರು ಊರಂದು."

ಒಂದು ಮಳೆಗಾಲ ಎರೆಮಣ್ಣಿನ ಕೊರಕಲಿಗೆ ಸಿಕ್ಕು ಕಾರಿನ ಸೈಲೆನ್ಸರು, ಅಂದರೆ ಹೊಗೆ ಹೋಗುವ ಕೊಳವೆ, ಮುರಿದು ಬಿತ್ತು. ಆ ಕಾರಿಗೆ ಒಪ್ಪುವಂಥದ್ದು ಹುಬ್ಬಳ್ಳಿಯಲ್ಲೂ ಸಿಗಲಿಲ್ಲ. ಅಲ್ಲಿಯ ಮಿಸ್ತ್ರಿ ಯಾವುದೋ ದೊಡ್ಡ ಗಾಡಿಯ ಕೊಳವೆ ತಂದು ಕಬ್ಬಿಣದ ಪಟ್ಟಿ ಹಾಕಿ ಬಿಗಿದು ಕಳಿಸಿದ. ಗಾಡಿ ನಿಂತಾಗ ಎಲ್ಲ ಸರಿ. ಓಡಿ ಕಾಯ್ದಮೇಲೆ ಕೊಳವೆ ಹಿಗ್ಗಿ ಅದರ ತುದಿ ಬಂಪರಿಗೆ ತಾಗುತ್ತಿತ್ತು. ಬಂಪರಿನ ಹೊಳಪು ಸುಟ್ಟು ಕಪ್ಪಾಯಿತು, ಅಂಚು ನೆಗ್ಗಿತು, ಮೇಲೆ ಕೂತವರು ಹಾರಿ ಎದ್ದರು. ಅದಕ್ಕಿಂತ ಕೆಟ್ಟದ್ದು ಸಪ್ಪಳ. ತಗ್ಗು ಬಂದಾಗಲೆಲ್ಲ ಡಬ್, ಡಬ್, ಡಬಡಬ್. ನಮ್ಮ ಕಡೆ ಯಾರ ಕಿವಿಗೆ ಬಿದ್ದರೂ ಅದು ಹಲಗೆ ವಾದ್ಯದ ಪೆಟ್ಟು. ಹೋಳಿಗೂ ಹಲಗೆ ಬಡಿಯುತ್ತಾರೆ, ಖರೇ. ಆದರೆ ಡಾಕ್ಟರ ಗಾಡಿಯಿಂದ ಕೇಳಿದರೆ ಜನಕ್ಕೆ ಹೋಳಿ ನೆನಪಾಗುವುದಿಲ್ಲ. ಹೆಣದ ಮೆರವಣಿಗೆ ನೆನಪಾಗುತ್ತದೆ.

ಆಗ ನನ್ನ ಹೆಂಡತಿ ಶಿರೋಳದ ತವರಿನಲ್ಲಿ ದಿನ ತುಂಬಿ ಕೂತಿದ್ದಳು. ಹಿಂದಿನ ಎರಡು ಕೂಸು ನಮಗೆ ಉಳಿದಿರಲಿಲ್ಲ. ಆಕೆಯನ್ನು ನೋಡಿ ಬಂದಿದ್ದ ಬಾಯಾರು ಸುತ್ತುಬಳಸಿಲ್ಲದೆ ಹೇಳಿದ್ದರು: "ಕೂಸು ಅಡ್ಡ ಮಲಗೇದ. ಬ್ಯಾನಿ ಶುರು ಆಗೂದ್ರೊಳಗ ದವಾಖಾನ್ಯಾಗ ಇರಬೇಕು. ಚಕ್ಕಡಿ ಬ್ಯಾಡ, ಭಾಳ ಕುಲಕತದ. ನನ್ನ ಗಾಡ್ಯಾಗ ತರೂಣು."

ಕೊಳವೆ ಹೊಸದಾಗಿ ಬಂದು ಎರಡು ದಿನವಾಗಿತ್ತು. ಅದನ್ನು ಸರಿಮಾಡಲು ಅವರಿಗೆ ಪುರಸೊತ್ತಾಗಿರಲಿಲ್ಲ. ಹಾಗೇ ಹೊರಟೆವು. ಶಿರೋಳದ ಅಗಸಿಬಾಗಿಲಿನಿಂದ ಮನೆಯತನಕ ಡಬ್, ಡಬ್. ಹೆಂಡತಿಯ ಅಜ್ಜಿ ಬಾಗಿಲ ಚೌಕಟ್ಟಿಗೆ ಎರಡೂ ಕೈ ಕೊಟ್ಟು ನಿಂತಿದ್ದಳು.

"ಹಲಗಿ ಬಡ್ಕೋತ ಬರೂ ಗಾಡ್ಯಾಗ ನನ್ನ ಮೊಮ್ಮಗಳನ್ನ ಕೂಡ್ಸಂಗಿಲ್ಲ."

"ಆಯಿ, ಅದು ಹಲಗಿ ಅಲ್ರಿ, ಸೈಲೆನ್ಸರು," ಎಂದೆ.

"ಏನರ ಅನ್ರಿ ಅಳಿಯಂದ್ರ. ನಿಮ್ಮ ಮಾರಿ ನೋಡಿದ್ರೂ ಹೆಣದ ಹಿಂದ ಹೊಂಟಾವ್ರಂಗ ಅದೀರಿ."

ಅದೇನೂ ಸುಳ್ಳಲ್ಲ. ಬಾಯಾರು ಈಗ ಮುದುಕಿಗೆ ನಾಲ್ಕು ಬುದ್ಧಿಮಾತು ಹೇಳುತ್ತಾರೆ, ಜಗಳ ಹತ್ತುತ್ತದೆ, ಅಷ್ಟರಲ್ಲಿ ಬೇನೆ ಶುರುವಾಗುತ್ತದೆ ಎಂದು ನಾನು ಮುಂದಿನದೆಲ್ಲ ಮನಸ್ಸಿನಲ್ಲೇ ಮುಗಿಸಿಬಿಟ್ಟಿದ್ದೆ. ಆದರೆ ಬಾಯಾರು ಹೌದೆಂದು ತಲೆ ಆಡಿಸಿದರು.

"ನೀವು ಅನ್ನೂದು ಖರೇ ಅದರಿ ಆಯಿ. ಹಲಗಿ ಹಂಗ ಕೇಳಸ್ತದ. ನನಗೂ ಸೇರಂಗಿಲ್ಲ. ಒಂದು ತಾಸು ಕೊಡ್ರಿ, ಒಂದು ಚಾಪಿ ಕೊಡ್ರಿ."

ಕೊಳವೆ ಆರಿದಮೇಲೆ ಕಾರಿನ ಕೆಳಗೆ ಚಾಪೆ ಹಾಸಿ ಒಳಗೆ ಸರಿದರು. ಹೊರಗೆ ಕಾಣುತ್ತಿದ್ದುದು ಎರಡು ಪಾದ ಮಾತ್ರ. ಓಣಿಯ ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನೋಡುತ್ತಿದ್ದರು. ನಾನು ಕೆಳಗೆ ಕೂತು ನಟ್ಟು ಬಿಚ್ಚುವ ಪಾನಾ ಕೊಡುವುದು, ಕಾರು ಅವರ ಮೇಲೆ ಕುಸಿದರೆ ಏನು ಗತಿ ಎಂದು ಯೋಚಿಸುವುದು, ಎರಡೂ ಕೆಲಸ ಮಾಡಿದೆ.

"ಹಿಂದಿನ ನಟ್ಟ ಒಂದ ಸಡ್ಲಿಸಿದ್ರ ಆಗತದೇನ್ರಿ?" ಎಂದು ಕೇಳಿದೆ.

"ಆಗಂಗಿಲ್ಲ. ಮುಂದಿನಿಂದ ಎಲ್ಲಾ ಸಡ್ಲಿಸಬೇಕು. ಮುರದ ಕೈಗೆ ಪಟ್ಟಿ ಹ್ಯಾಂಗ ಕಟ್ತೀವಿ? ಬಾವು ಬರಾಕ ಜಾಗಾ ಬಿಟ್ಟು ಕಟ್ತೀವಿಲ್ಲೋ? ಇದೂ ಹಂಗ. ಕಾಯ್ದ್ರ ಹಿಗ್ಗತದ. ಬಿಗಿ ಮಾಡೂದು ಕಡೀಕ."

ಎಲ್ಲ ನಟ್ಟು ಸಡಿಲಾದ ಮೇಲೆ ಕೊಳವೆಯನ್ನು ಸ್ವಲ್ಪ ಹೊರಳಿಸಿ, ತುದಿ ಬಂಪರಿನ ಕೆಳಗೆ ಬರುವಂತೆ ಇಳಿಸಿದರು. ಅದನ್ನು ತೂಗುಹಾಕಲು ಕಬ್ಬಿಣದ ಪಟ್ಟಿಯ ಬದಲು ಮೆತ್ತಗಿನದೊಂದು ಬೇಕಿತ್ತು. ಕೆಳಗಿನ ಸಪ್ಪಳ ನಿಂತಿತು. ಬಾಯಾರ ತಲೆ ಹೊರಗೆ ಬಂತು. ಕಣ್ಣು ನನ್ನ ಕಾಲ ಮೇಲೆ. ಗಜೇಂದ್ರಗಡದ ಸಂತೆಯಲ್ಲಿ ಕೊಂಡ ಟಾಯರಿನ ಕೆರ ಹಾಕಿದ್ದೆ.

"ಚಿಂತಾಮಣಿ, ಕೆರ ಬಿಚ್ರಿ."

"ಎರಡೂನಾ?"

"ಒಂದ ಸಾಕು. ಇನ್ನೊಂದು ಇಟ್ಕೊಂಡು ಏನ್ ಮಾಡೂದು ಅನ್ನೂದನ್ನ ನೀವು ಚಿಂತಿ ಮಾಡ್ರಿ."

ಅಜ್ಜಿಯ ಈಳಿಗೆಯಲ್ಲಿ ನನ್ನ ಕೆರ ಸೀಳಿ, ಆ ರಬ್ಬರಿನ ಪಟ್ಟಿಯಲ್ಲಿ ಕೊಳವೆಯ ತುದಿಯನ್ನು ತೂಗುಹಾಕಿದರು. ಆಮೇಲೆ ಗಾಡಿಯನ್ನು ನಿಂತಲ್ಲೇ ಚಾಲೂ ಇಟ್ಟು, ಕೊಳವೆ ಚೆನ್ನಾಗಿ ಬಿಸಿಯಾಗುವ ತನಕ ಕಾಯ್ದರು. ಅದು ಹಿಗ್ಗಿ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ನೋಡಿ, ಮುಂದಿನಿಂದ ಹಿಂದಕ್ಕೆ ಒಂದೊಂದೇ ನಟ್ಟು ಬಿಗಿದರು. ಎದ್ದು ಬಂದು ಮುದುಕಿಯನ್ನು ಕರೆದರು.

"ಬರ್ರಿ ಆಯಿ. ಕೈ ಹಚ್ಚಬ್ಯಾಡ್ರಿ, ಕಾಯ್ದದ. ಬಂಪರಿಗೂ ಕೊಳವಿಗೂ ನಡುವ ನಿಮ್ಮ ಕೋಲು ಹಾಕಿ ನೋಡ್ರಿ."

ಅಜ್ಜಿ ಕೋಲು ಹಾಕಿದಳು. ಯಾವುದಕ್ಕೂ ತಾಗದೆ ಆಚೆ ಬಂತು. ಆದರೂ ಮುಖದ ಬಿಗಿ ಬಿಡಲಿಲ್ಲ. "ನಿಂತಾಗ ಎಲ್ಲಾರೂ ಶಾಣ್ಯಾರ. ಓಡಿದಾಗ?"

"ಹಂಗಾರ ನೀವ ಕೂತು ಕೇಳ್ರಿ," ಎಂದು ಬಾಯಾರು ಬಾಗಿಲು ತೆರೆದರು.

ಜನ್ಮದಲ್ಲೇ ಕಾರು ಹತ್ತದಿದ್ದ ಅಜ್ಜಿ ಕೋಲು ಸಮೇತ ಹತ್ತಿ ಕೂತಳು. ಅಗಸಿಯತನಕ ಹೋಗಿ ಬಂದರು. ಓಣಿಯ ನಡುವೆ ಒಂದೇ ಕಾಲಿಗೆ ಕೆರ ಹಾಕಿಕೊಂಡು ನಿಂತ ನನ್ನನ್ನು ನೋಡಿ, ಬಾಗಿಲಲ್ಲಿದ್ದ ಹೆಂಡತಿ ಎಷ್ಟೋ ದಿನದ ಮೇಲೆ ನಕ್ಕಳು.

"ಹ್ಯಾಂಗಾತ್ರಿ ಆಯಿ?"

ಅಜ್ಜಿ ಇಳಿಯಲಿಲ್ಲ. "ಇನ್ನೊಂದು ಸುತ್ತ ಹಾಕ್ರಿ. ಎಡಗಿವಿಗೆ ಬರೋಬರಿ ಕೇಳಸಲಿಲ್ಲ."

ಎರಡನೆಯ ಸುತ್ತಾದ ಮೇಲೆ ತಾನೇ ಒಳಗೆ ಹೋಗಿ ಮೊಮ್ಮಗಳ ಕೈಹಿಡಿದು ತಂದು ಕೂಡಿಸಿದಳು. ಬಾಯಾರು ನನಗೆ ಒಂದು ಕೆಲಸ ಹೇಳಿದರು: "ನೀವು ಹಿಂದ ಕೂತು ಬರೇ ಸಪ್ಪಳ ಕೇಳ್ರಿ. ಕೊಳವಿ ಬಡದ್ರ ಹೇಳ್ರಿ. ಬ್ಯಾರೆ ಏನೂ ನಿಮ್ಮ ಕೆಲಸಲ್ಲ." ಕೇಳಿದೆ. ಉಸಿರು ಹಿಡಿದು, ಒಂದೊಂದು ತಗ್ಗಿಗೂ ಕಿವಿ ಕೊಟ್ಟು ಕೇಳಿದೆ. ಒಮ್ಮೆಯೂ ಬಡಿಯಲಿಲ್ಲ. ನರಗುಂದ ಮುಟ್ಟಿದಾಗ ಹೆಂಡತಿ, "ದಾರ್ಯಾಗ ನನ್ನ ಕಡೆ ಒಂದ್ಸಲನೂ ನೋಡಲಿಲ್ಲಲ್ರಿ," ಎಂದಳು. ಹೌದು. ಅಷ್ಟು ದೂರ ನಾನು ಆಕೆಗಾಗಿ ಹೆದರುವುದನ್ನೇ ಮರೆತಿದ್ದೆ. ಆಕೆಯೂ ಹೆದರಿದ ನನ್ನ ಮಾರಿ ನೋಡದೆ ಬಂದಿದ್ದಳು.

ಬಾಯಾರು ಹೊಟ್ಟೆಯ ಮೇಲಿನಿಂದಲೇ ನಿಧಾನವಾಗಿ ಒತ್ತಿ ಒತ್ತಿ ಕೂಸನ್ನು ತಿರುಗಿಸಿದರು. ಮರುದಿನ ಮಧ್ಯಾಹ್ನ ಮಗಳು ಹುಟ್ಟಿದಳು. ಅತ್ತಳು, ಜೋರಾಗಿಯೇ ಅತ್ತಳು. ಕೂಸನ್ನು ನೋಡಲು ಬಂದ ಅಜ್ಜಿ ಬಂಪರಿನ ಮೇಲೆ ಕೂತು, ಕೊಳವೆ ಸರಿಮಾಡಿಸಿದವಳು ತಾನೇ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಮುಂದೆ ಬಾಯಾರು ಗಜೇಂದ್ರಗಡಕ್ಕೆ ಹೋದರು. ಹೋದ ವರ್ಷ ಅಲ್ಲೇ ತೀರಿಕೊಂಡರು. ಮಗಳನ್ನು ಕರೆದುಕೊಂಡು ಕಡೆಯ ದರ್ಶನಕ್ಕೆ ಹೋಗಿದ್ದೆ. ಬರುವಾಗ ಬಸ್ಸಿನಲ್ಲಿ ಕೂತು ನೆನೆಸಿಕೊಂಡೆ: ಅಷ್ಟು ವರ್ಷದಲ್ಲಿ ಅವರು ನನಗೆ ಒಂದು ಸಲವೂ "ಚಿಂತಿ ಮಾಡಬ್ಯಾಡ್ರಿ" ಅಂದವರಲ್ಲ. ಉಳಿದ ಊರೆಲ್ಲ ಅದನ್ನೇ ಅನ್ನುತ್ತಿತ್ತು, ನನಗೆ ಅದರಿಂದ ಚಿಂತೆ ಹೆಚ್ಚಾಗುತ್ತಿತ್ತು.

ಈಗ ದವಾಖಾನೆಗೆ ಬೇರೆ ಡಾಕ್ಟರು ಬಂದಿದ್ದಾರೆ. ನಾನು ಅಲ್ಲೇ ಇದ್ದೇನೆ, ನಡುವಯಸ್ಸಿನ ಕಂಪೌಂಡರ್, ಬಿರಡೆಗಳನ್ನು ಇನ್ನೂ ಎರಡೆರಡು ಸಲ ಒತ್ತಿ ನೋಡುತ್ತೇನೆ. ಒಳಗೆ ಹೆಂಡತಿ ನರಳುತ್ತಿರುವಾಗ ಪಡಸಾಲೆಯಲ್ಲಿ ಉಗುರು ಕಚ್ಚುತ್ತ ತಿರುಗುವ ಗಂಡಂದಿರು ದಿನಾ ಸಿಗುತ್ತಾರೆ. ಎಲ್ಲಾ ಚಲೋ ಆಗತದ ಎಂದು ನಾನು ಹೇಳಲು ಹೋಗುವುದಿಲ್ಲ. ಒಲೆಯ ಮುಂದೆ ಕೂಡಿಸಿ, "ಈ ನೀರು ಕುದಿಯೂದನ್ನ ನೋಡಪ್ಪಾ, ಕಣ್ಣ ಆಕಡೆ ಈಕಡೆ ಹೊಳ್ಳಿಸಬ್ಯಾಡ," ಎನ್ನುತ್ತೇನೆ. ಆ ನೀರು ಕುದಿಯುವುದರೊಳಗೆ ಎಷ್ಟೋ ಮಂದಿ ಅಪ್ಪಂದಿರಾಗಿದ್ದಾರೆ.